ಆಸ್ಪತ್ರೆಯಲ್ಲೊಂದು ಅರ್ಧ ರೋಜಾ

"ಹಸಿವಾಗ್ತಿದೆಯಾ ಪುಟ್ಟಿ?" ಬೆಂಗಳೂರಿನ ಆಸ್ಪತ್ರೆಯ ಸಿಸ್ಟರ್ ಕೇಳಿದರು.

"ನಂದು ರೋಜಾ ಐತ್ರೀ" ಎಂದಳು ನನ್ನ ಆರು ವರ್ಷದ ಮಗಳು ಶೈಲಾ, ಭಾರಿ ಗತ್ತಿನಿಂದ.

ಸಿಸ್ಟರ್ ಒಮ್ಮೆ ನನ್ನ ಹಣೆಯ ಕುಂಕುಮ ನೋಡಿದರು, ಒಮ್ಮೆ ಕೇಸ್ ಶೀಟಿನ ಹೆಸರು ನೋಡಿದರು. ನಾನು ಹಲ್ಲು ಕಿರಿದೆ. ಇನ್ನೇನು ಮಾಡಲಿ?

ವಿಷಯ ಇಷ್ಟು. ಶೈಲಾಳ ಹೃದಯದ ಒಂದು ಕವಾಟ ಇಕ್ಕಟ್ಟಾಗಿತ್ತು. ಎದೆ ಕೊಯ್ಯುವುದಿಲ್ಲ, ತೊಡೆಯ ಬಳಿ ರಕ್ತನಾಳದಲ್ಲಿ ಸಣ್ಣ ನಳಿಕೆ ಏರಿಸಿ, ತುದಿಯ ಬಲೂನು ಉಬ್ಬಿಸಿ ಅಗಲ ಮಾಡುತ್ತಾರಂತೆ. (ಬಲೂನು ಯಾವ ಬಣ್ಣದ್ದು ಅಂತ ಶೈಲಾ ಕೇಳಿದ್ದಳು. ಡಾಕ್ಟರು ತಬ್ಬಿಬ್ಬು.) ಒಂದೇ ಕಟ್ಟಪ್ಪಣೆ: ಅವತ್ತು ಬೆಳಗ್ಗೆ ಹನಿ ನೀರೂ ಬಾಯಿಗೆ ಬೀಳಬಾರದು. ಬಿದ್ದರೆ ಅರಿವಳಿಕೆ ಕೊಡುವುದು ಅಪಾಯ. ಕಾದು ಕಾದು ಸಿಕ್ಕ ಡೇಟು ತಪ್ಪಿಹೋಗುತ್ತದೆ.

ನಮ್ಮ ಶೈಲಾಳಿಗೋ, ಕಣ್ಣು ಬಿಟ್ಟ ಕೂಡಲೇ ಚಹಾ-ಬ್ರೆಡ್ ಬೇಕು. ರಾಣೆಬೆನ್ನೂರಿನ ಮನೆಯಲ್ಲಿ ಒಂದು ಬೆಳಗ್ಗೆ ರಿಹರ್ಸಲ್ ಮಾಡಿಸಿದೆ. ನೆಲದ ಮೇಲೆ ಉರುಳಾಡಿದಳು. ಬ್ಯಾಡಗಿಯಿಂದ ಬಂದಿದ್ದ ನನ್ನ ಅತ್ತೆ, "ಹಸದ ಕೂಸಿನ ಮಾರಿ ನನ್ನ ಕಡಿಂದ ನೋಡಾಕ ಆಗೂದಿಲ್ಲವಾ" ಎನ್ನುತ್ತ ಬಾಯಿಗೆ ಶೇಂಗಾ ಉಂಡಿ ತುರುಕಿಯೇಬಿಟ್ಟರು. ಅಲ್ಲಿಗೆ ರಿಹರ್ಸಲ್ ಮುಗಿಯಿತು.

ಆಗ ರಂಜಾನ್ ತಿಂಗಳು. ಪಕ್ಕದ ಮನೆಯ ಖತೀಜಾ ಶೈಲಾಳನ್ನು ಕರೆದು, "ನನ್ನ ಜೋಡಿ ಅರ್ಧ ರೋಜಾ ಹಿಡೀತಿಯೇನ? ಆಸ್ಪತ್ರ್ಯಾಗೂ ಹಿಡದು ಬಂದ್ರ, ನಮ್ಮ ಮಗಳು ನಸ್ರೀನಗ ಹಾಕಿದಂಗ ನಿನಗೂ ಹೂವಿನ ಮಾಲಿ ಹಾಕ್ತೇನಿ" ಎಂದಳು. (ಅರ್ಧ ರೋಜಾ ಅಂದರೆ ಮಕ್ಕಳು ಹಿಡಿಯುವ ಅರ್ಧ ದಿನದ ಉಪವಾಸ. ಅವರಲ್ಲಿ ಮಗು ಮೊದಲ ರೋಜಾ ಹಿಡಿದರೆ ಮಾಲೆ ಹಾಕಿ ಮೆರೆಸುತ್ತಾರೆ.) ಮರುದಿನ ಶಾಲೆಯ ಗಂಟೆ ಬಾರಿಸುವ ತನಕ ನನ್ನ ಮಗಳು ಖತೀಜಾಳ ಹೊಸ್ತಿಲ ಬಳಿ ತುಟಿ ಬಿಗಿದು ಕೂತಿದ್ದಳು. ಚಹಾ ಬೇಡ. ಬ್ರೆಡ್ ಬೇಡ. ಉಂಡಿಯಂತೂ ಬೇಡವೇ ಬೇಡ.

ಹೆತ್ತವಳು ನಾನು, ಮಾತು ನಡೆಯುವುದು ಅವಳದ್ದು! ಹೊಟ್ಟೆಕಿಚ್ಚು ಅಂದರೆ ಸಾಲದು, ಮೈಯೆಲ್ಲ ಉರಿಯಿತು.

"ನಾ ಹೇಳಿದ್ರ ಯಾಕ ಕೇಳೂದಿಲ್ಲ?" ಎಂದು ಮಗಳ ಮೇಲೆ ರೇಗಿದೆ.

"ನೀ ಚಹಾ ಕುಡಕೋತ ಹೇಳ್ತಿ. ಖತೀಜಾ ಚಾಚಿ ತಾನೂ ಉಪವಾಸ ಇರ್ತಾಳ."

ನನ್ನ ಕೈಯಲ್ಲಿ ಆಗಲೂ ಚಹಾದ ಕಪ್ಪು-ಬಸಿ ಇತ್ತು.

ಆಸ್ಪತ್ರೆಯಲ್ಲಿ ಎಲ್ಲ ಸುಸೂತ್ರವಾಯಿತು. ಮಂಪರಿನಲ್ಲಿ ಕಣ್ಣು ಬಿಟ್ಟವಳು ಮೊದಲು "ಅವ್ವಾ" ಅಂದಳು ಅಂದುಕೊಂಡಿರಾ? "ಚಾಚಿಗೆ ಹೇಳು, ನಾ ನೀರು ಕುಡದಿಲ್ಲ" ಅಂದಳು!

ರಾಣೆಬೆನ್ನೂರಲ್ಲಿ ರೈಲು ಇಳಿದರೆ ಸ್ಟೇಷನ್ನಿಗೇ ಬಂದಿದ್ದಳು ಖತೀಜಾ, ಕೈಯಲ್ಲಿ ಮಲ್ಲಿಗೆ ಮಾಲೆ. "ಅಕ್ಕಾರ, ಕೂಸು ಗೆದ್ದು ಬಂತ್ರೀ" ಎಂದು ಶೈಲಾಳ ಕೊರಳಿಗೆ ಹಾಕಿ, ಲಟಿಕೆ ಮುರಿದು, ಅತ್ತಳು. ನಾನೂ ಅತ್ತುಬಿಟ್ಟೆ. "ನಿನ್ನಿಂದ ಆತವಾ" ಎಂದೆ. ಮನಸಾರೆ ಅಂದ ಮಾತೇ ಅದು.

ಆದರೂ ಕೇಳಿಬಿಡುತ್ತೇನೆ. ಅವತ್ತು ಬೆಳಗಿನಿಂದ ಶೈಲಾ ಕಣ್ಣು ಬಿಡುವ ತನಕ ನಾನೂ ಒಂದು ಗುಟುಕು ಚಹಾ ಕುಡಿದಿರಲಿಲ್ಲ.

ನನ್ನ ಮಾಲೆ ಎಲ್ಲಿ?