‘ತಪ್ಪಾತ್ರೀ’ ಆದೆಪ್ಪ

ಮಸ್ಕಿಯಲ್ಲಿ ಆದೆಪ್ಪನ ಕಾಲು ತುಳಿದ ಯಾರಿಗೂ ಅವನಿಗಿಂತ ಮೊದಲು ‘ತಪ್ಪಾತ್ರೀ’ ಅನ್ನುವ ಭಾಗ್ಯ ಸಿಕ್ಕಿದ್ದಿಲ್ಲ. ತುಳಿದವರು ಬಾಯಿ ತೆರೆಯುವಷ್ಟರಲ್ಲಿ ತುಳಿಸಿಕೊಂಡವನು ಆ ಮಾತನ್ನು ಆಡಿ ಮುಗಿಸಿರುತ್ತಿದ್ದ. ಸಂತೆಯಲ್ಲೊಮ್ಮೆ ಎಮ್ಮೆ ಅವನ ಹೆಬ್ಬೆರಳ ಮೇಲೆ ಗೊರಸೂರಿ ನಿಂತಾಗ ಅವನು ಮೊದಲು ಎಮ್ಮೆಗೆ ‘ತಪ್ಪಾತವ್ವಾ’ ಅಂದು ಆಮೇಲೆ ‘ಅಯ್ಯಯ್ಯೋ’ ಅಂದನಂತೆ. ಇದನ್ನು ಹೇಳುವವನು ಚಹಾದಂಗಡಿಯ ಹಸನ್‌ಸಾಬ್. ಅವನ ಮಾತಿನಲ್ಲಿ ಅರ್ಧ ಕಳೆದರೂ ಉಳಿದರ್ಧ ನಿಜವೇ ಇರುತ್ತದೆ.

ಆ ಸೀಮೆಯಲ್ಲಿ ಅದು ತಪ್ಪಿನ ಮಾತೇ ಅಲ್ಲ. ಬಾಗಿಲಲ್ಲಿ ಇಬ್ಬರು ಎದುರುಬದುರಾದರೆ, ಉಣ್ಣಲು ಕುಳಿತವರ ಮುಂದೆ ಹಾದುಹೋದರೆ, ಹಿರಿಯರ ಮಾತಿನ ನಡುವೆ ಕೆಮ್ಮು ಬಂದರೆ, ಅಷ್ಟೇಕೆ, ಬೇರೆ ಯಾರಿಗೋ ತಾನಾಗಿ ಪೆಟ್ಟಾದದ್ದನ್ನು ಕಂಡರೂ ಬಾಯಿಗೆ ಬರುವ ಮಾತು ಅದು. ಎಲ್ಲರೂ ಆಡುತ್ತಾರೆ. ಆದೆಪ್ಪ ಮಾತ್ರ ಉಸಿರಾಡಿದಷ್ಟು ಸಲ ಆಡುತ್ತಿದ್ದ.

ಅವನಿಗೊಂದು ಮೋಟಾರು ಇತ್ತು. ಲಿಂಗಸುಗೂರಿನ ಡಾಕ್ಟರೊಬ್ಬರ ಬಳಿ ಹನ್ನೆರಡು ವರ್ಷ ಅದೇ ಮೋಟಾರನ್ನು ತೊಳೆದು, ಒರೆಸಿ, ಕೊನೆಗೆ ಓಡಿಸಿ, ಪೊಲೀಸ್ ಕಾರ್ಯಾಚರಣೆಯ ಮರುವರ್ಷ ಡಾಕ್ಟರು ಊರು ಬಿಟ್ಟು ಹೊರಟಾಗ ತಾನೇ ಕೊಂಡಿದ್ದ. ಕೊಳ್ಳಲು ಹೆಂಡತಿ ಶೇಖರಮ್ಮನ ಎರಡು ಬಂಗಾರದ ಬಳೆ ಹೋಗಿದ್ದವು. ‘ಮುಂದಿನ ಎರಡು ದೀಪ ಅದಾವಲ್ಲ, ಅವು ನನ್ನ ಬಳಿ’ ಎಂದು ಅವಳು ಹತ್ತುವವರಿಗೆಲ್ಲ ತೋರಿಸುತ್ತಿದ್ದಳು. ಬಾಡಿಗೆಗೆ ಓಡುವ ಆ ಕರಿಯ ಮೋಟಾರಿನಲ್ಲಿ ಸಿಂಧನೂರಿನ ಅಡತಿಗೆ ಹೋಗುವ ವ್ಯಾಪಾರಿಗಳು, ವಳಕಮದಿನ್ನಿಗೆ ಹೊರಟ ಮದುಮಕ್ಕಳು, ಲಿಂಗಸುಗೂರಿನ ದವಾಖಾನೆಗೆ ಹೊರಟ ತುಂಬುಬಸುರಿಯರು ಕುಳಿತಿದ್ದರು. ಪಾಮನಕಲ್ಲೂರಿನ ಒಬ್ಬಾಕೆ ದಾರಿಯಲ್ಲೇ ಹೆತ್ತಳು. ರಸ್ತೆ ಕುಲುಕಿದ್ದಕ್ಕೆ ಆದೆಪ್ಪ ಆಕೆಗೂ ತಪ್ಪಾಯಿತೆಂದು ಹೇಳಿದ, ಮಗುವಿಗೂ ಹೇಳಿದ.

ಐವತ್ತನಾಲ್ಕರ ಬೇಸಿಗೆ. ಬೇವಿನ ಹೂವು ಉದುರಿ ನೆರಳೆಲ್ಲ ಬಿಳಿಯಾಗಿತ್ತು. ಹಸನ್‌ಸಾಬನ ಅಂಗಡಿಯ ಎದುರಿನ ಬೇವಿನಡಿ ಮೋಟಾರು ನಿಲ್ಲಿಸಿ ಆದೆಪ್ಪ ಅದರ ಮೂತಿಗೆ ನೀರು ಹೊಯ್ದು, ಕೊಡ ತುಂಬಲು ಅಂಗಡಿಯ ಕಡೆ ಹೆಜ್ಜೆ ಹಾಕಿದ್ದ. ಆಗ ಕಾಲುವೆ ಕೆಲಸದ ಗುತ್ತಿಗೆದಾರನ ಕಲ್ಲು ಹೊರುವ ಲಾರಿಯೊಂದು ಹಿಂದಕ್ಕೆ ಬಂತು. ಹಿಂದೆ ಏನಿದೆಯೆಂದು ನೋಡುವ ಚಿಂತೆ ಇಲ್ಲದೆ ಬಂತು. ನಿಂತ ಮೋಟಾರಿನ ಮುಖವನ್ನು ಅಪ್ಪಚ್ಚಿ ಮಾಡಿ ನಿಂತಿತು. ಎಡದ ದೀಪ ಚೂರುಚೂರಾಗಿ ಬೇವಿನ ಹೂವಿನ ಜೊತೆ ಬೆರೆಯಿತು.

ಲಾರಿಯ ಡ್ರೈವರು ಹಣೆ ಹಿಡಿದುಕೊಂಡು ಇಳಿದ. ಬಾಗಿಲ ಅಂಚಿಗೆ ಬಡಿದು ಚೂರು ರಕ್ತ ಬಂದಿತ್ತು. ಆದೆಪ್ಪ ಕೊಡ ಬಿಸಾಕಿ ಓಡಿದ. ತನ್ನ ಮೋಟಾರನ್ನು ದಾಟಿಕೊಂಡು ಓಡಿದ ಎನ್ನುವುದನ್ನು ಶೇಖರಮ್ಮ ಇವತ್ತಿಗೂ ಮರೆತಿಲ್ಲ. ಹೆಗಲ ಟವೆಲ್ಲನ್ನು ಡ್ರೈವರನ ಹಣೆಗೆ ಕಟ್ಟುತ್ತ, “ತಪ್ಪಾತೋ ಯಪ್ಪಾ, ತಪ್ಪಾತು. ಬಾಳ ಹತ್ತೇತೇನು?” ಅಂದ.

ಅಷ್ಟರಲ್ಲಿ ಎರಡು ಸಂಗತಿ ನಡೆದವು. ಲಾರಿಯಿಂದ ಗುತ್ತಿಗೆದಾರನ ಮುನಶಿ ಅಂಬಪ್ಪ ಇಳಿದ. ಸೈಕಲ್ಲಿನ ಮೇಲೆ ಪೊಲೀಸ್ ಠಾಣೆಯ ಅಮೀನರು ಬಂದರು. ಅಂಬಪ್ಪನ ಬಾಯಲ್ಲಿ ಎಂಥ ಹೊತ್ತಿನಲ್ಲೂ ತಪ್ಪಾತು ಎಂಬ ಮಾತು ಹುಟ್ಟಿದ್ದನ್ನು ಕಂಡವರಿಲ್ಲ. ಆದರೆ ಇನ್ನೊಬ್ಬರ ಬಾಯಲ್ಲಿ ಹುಟ್ಟಿದರೆ ಅದನ್ನು ಎತ್ತಿಕೊಂಡು ಮುದ್ದಾಡುವುದು ಅವನಿಗೆ ಗೊತ್ತಿತ್ತು.

“ಕೇಳಿದ್ರೇನ್ರೀ ಅಮೀನಸಾಹೇಬ್ರ? ನಂದು ತಪ್ಪಾತು ಅಂತ ಅವನ ಅನ್ನಾಕತ್ತಾನ. ನಾವೇನೂ ಅನಸಿಲ್ರೀ.”

ನಿಜಾಮರ ಸರಕಾರ ಹೋಗಿ ಆರು ವರ್ಷವಾಗುತ್ತ ಬಂದಿತ್ತು. ಅಮೀನರ ಲೇಖನಿ ಇನ್ನೂ ಬಲದಿಂದ ಎಡಕ್ಕೇ ಓಡುತ್ತಿತ್ತು. ಅವರು ಉರ್ದುವಿನಲ್ಲಿ ಪಂಚನಾಮೆ ಬರೆದರು. ಬರೆದದ್ದನ್ನು ರೈಲಿನ ವೇಗದಲ್ಲಿ ಓದಿದರು. ದೊಡ್ಡವರು ಓದಿ ಹೇಳಿದಾಗ ತಲೆಯಾಡಿಸದಿರುವುದು ಮರ್ಯಾದೆಯಲ್ಲವೆಂದು ಆದೆಪ್ಪ ತಲೆಯಾಡಿಸಿದ. ಕನ್ನಡದಲ್ಲಿ ದುಂಡಗೆ ಸಹಿ ಹಾಕಿದ. ಅದರ ಮೇಲಿನ ಸಾಲಿನಲ್ಲಿ ‘ಆದೆಪ್ಪನು ಸ್ಥಳದಲ್ಲಿಯೇ ತನ್ನ ಕಸೂರನ್ನು ಕಬೂಲು ಮಾಡಿದನು’ ಎಂದಿತ್ತು; ಕಸೂರು ಅಂದರೆ ತಪ್ಪು.

ಇದನ್ನು ಮೊದಲು ಓದಿ ಹೇಳಿದವನು ಅರ್ಜಿ ಬರೆಯುವ ಬಂದೇಸಾಬ. ಚಾವಡಿಯ ಕಟ್ಟೆಯ ಮೇಲೆ ಮೂವತ್ತು ವರ್ಷ ಉರ್ದು ಅರ್ಜಿ ಬರೆದವನು, ಈಗ ಕಾಲ ಬದಲಾಯಿತೆಂದು ದಪ್ಪ ಡಿಕ್ಷನರಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಇಂಗ್ಲಿಷಿಗೆ ಇಳಿದಿದ್ದ.

“ಆದೆಪ್ಪಣ್ಣ, ಲಾರಿ ನಿನಗ ಗುದ್ದಿಲ್ಲ. ನಿಂತ ಜಾಗದಾಗ ನಿಂತು ನೀನ ಲಾರಿಗೆ ಗುದ್ದೀದಿ. ಇದರಾಗ ಹಂಗ ಐತಿ.”

“ಅದ್ಹೆಂಗ ಆಕ್ಕೈತಿ ಬಂದೇಸಾಬ್ರ?”

“ಕಾಗದದಾಗ ಎಲ್ಲಾ ಆಕ್ಕೈತಿ.”

ಮೋಟಾರು ಬಾಡಿಗೆಗೆ ಓಡಬೇಕಾದರೆ ವಿಮೆ ಇರಬೇಕೆಂದು ಕಾಯಿದೆ ಬಂದು, ಆದೆಪ್ಪ ಹೈದರಾಬಾದಿನ ಒಂದು ಕಂಪನಿಯಲ್ಲಿ ವಿಮೆ ಮಾಡಿಸಿದ್ದ. ಮೊದಲ ಅರ್ಜಿ ಅಲ್ಲಿಗೆ ಹೋಯಿತು. ಎರಡು ತಿಂಗಳ ಮೇಲೆ ಉತ್ತರ ಬಂತು. ಬಂದೇಸಾಬ ಡಿಕ್ಷನರಿಯ ಹಾಳೆ ತಿರುವುತ್ತ ಓದಿದ: ನಿಮ್ಮ ವಿಮೆ ನೀವು ಬೇರೆಯವರಿಗೆ ಗುದ್ದಿದರೆ ಮಾತ್ರ ಉಂಟು, ನೀವು ಗುದ್ದಿಸಿಕೊಂಡವರಾದ್ದರಿಂದ ಲಾರಿಯ ಕಂಪನಿಯನ್ನು ಕೇಳಿ.

“ಹಂಗಾದ್ರ ಹೋಗ್ರಿ, ಯಾವುದರ ಒಂದು ಲಾರಿಗೆ ಗುದ್ದಿ ಬರ್ರಿ” ಎಂದಳು ಶೇಖರಮ್ಮ. “ಎಡಗೈ ಬಳಿ ಹೋತು. ಬಲಗೈದೂ ಹೋಗಲಿ.”

ಲಾರಿಯ ಕಂಪನಿ ಮುಂಬಯಿಯದು, ಅದರ ಶಾಖೆ ಹುಬ್ಬಳ್ಳಿಯಲ್ಲಿ. ಅವರ ಉತ್ತರ ಬೇಗ ಬಂತು, ಕಾಗದವೂ ನುಣುಪಾಗಿತ್ತು. ಮೊದಲ ಸಾಲಿನಲ್ಲೇ ‘ವಿ ರಿಗ್ರೆಟ್’ ಎಂದಿತ್ತು. ಬಂದೇಸಾಬ ಆ ಪದವನ್ನು ಡಿಕ್ಷನರಿಯಲ್ಲಿ ಹುಡುಕಿ, ಬೆರಳಿಟ್ಟು, ಕನ್ನಡಕ ಸರಿಪಡಿಸಿಕೊಂಡ.

“ನಿಮ್ಮ ಮೋಟಾರ್ ಹಾಳಾಗಿದ್ದಕ್ಕ ತಪ್ಪಾತ್ರೀ, ಅಂತ ಬರದಾರ.”

ಆದೆಪ್ಪನ ಕಣ್ಣು ತುಂಬಿ ಬಂತು. “ನೋಡಿದೇನ? ಎಷ್ಟು ಮರ್ಯಾದಸ್ಥರು!”

“ಮುಂದ ಓದಣ್ಣ” ಅಂದಳು ಶೇಖರಮ್ಮ, ಮರ್ಯಾದೆಯ ನಂತರ ಏನು ಬರುತ್ತದೆಂದು ಬಲ್ಲವಳು.

ಮುಂದೆ ಇದ್ದದ್ದು ಇಷ್ಟು: ತಪ್ಪು ತಮ್ಮದೆಂದು ತಾವೇ ಪೊಲೀಸರ ಮುಂದೆ ಒಪ್ಪಿಕೊಂಡಿರುವುದರಿಂದ ನಾವು ಏನನ್ನೂ ಕೊಡಲು ಬರುವುದಿಲ್ಲ, ತಮ್ಮ ಕಂಪನಿಯನ್ನು ಕೇಳಿ. ಕೊನೆಯ ಸಾಲಿನಲ್ಲಿ ಮತ್ತೊಮ್ಮೆ ರಿಗ್ರೆಟ್ ಇತ್ತು.

ಹೀಗೆ ಹೈದರಾಬಾದಿಗೆ ಆದೆಪ್ಪ ತಪ್ಪಿಲ್ಲದವನು, ಆದ್ದರಿಂದ ಹೋಗಬಹುದು; ಹುಬ್ಬಳ್ಳಿಗೆ ಅವನು ತಪ್ಪಿನವನು, ಆದ್ದರಿಂದ ಹೋಗಬಹುದು. ಮೋಟಾರು ಮಾತ್ರ ಎಲ್ಲಿಗೂ ಹೋಗುವಂತಿರಲಿಲ್ಲ. ಮನೆಯ ಮುಂದೆ ಒಂಟಿಗಣ್ಣಿನಲ್ಲಿ ನಿಂತು, ಬೇಸಿಗೆ ಮುಗಿದು ಮಳೆ ಬಿದ್ದದ್ದನ್ನು ನೋಡಿತು. ನಲವತ್ತು ದಾಟಿದ ಆದೆಪ್ಪ ದಿನವೂ ಬೆಳಿಗ್ಗೆ ಅದನ್ನು ಒರೆಸಿ, ಆಮೇಲೆ ಇನ್ನೊಬ್ಬರ ಎತ್ತಿನ ಗಾಡಿ ಹೊಡೆಯಲು ಹೋಗುತ್ತಿದ್ದ. ಬಸುರಿಯರು ಲಿಂಗಸುಗೂರಿಗೆ ಅದೇ ಗಾಡಿಯಲ್ಲಿ ಹೋದರು. ಕುಲುಕಾಟ ಹೆಚ್ಚಿದ್ದರಿಂದ ಆದೆಪ್ಪನ ಮಾತೂ ಹೆಚ್ಚಾಯಿತು.

ಬಂದೇಸಾಬ ಮೂರನೆಯ ಅರ್ಜಿ ಬರೆದ, ನಾಲ್ಕನೆಯದು ಬರೆದ. ಕೊನೆಗೆ ಹುಬ್ಬಳ್ಳಿಯ ಕಂಪನಿಯ ಸಾಹೇಬರೊಬ್ಬರು ಬೇರೆ ಕೆಲಸಕ್ಕೆ ಈ ಕಡೆ ಬರುವವರು, ಲಿಂಗಸುಗೂರಿನ ಪ್ರವಾಸಿ ಬಂಗಲೆಯಲ್ಲಿ ಎರಡೂ ಕಡೆಯವರನ್ನು ಒಮ್ಮೆ ಕೇಳುತ್ತಾರೆಂದು ಕಾಗದ ಬಂತು. ಅದೇ ಕೊನೆಯ ಸಲ ಎಂದೂ ಇತ್ತು.

ಹೊರಡುವ ಮುಂಜಾನೆ ಶೇಖರಮ್ಮ ಗಂಡನ ಎದುರು ಕುಳಿತು ಎಲೆಗೆ ಸುಣ್ಣ ಹಚ್ಚಿದಳು.

“ಸಾಹೇಬ್ರು ಏನ ಕೇಳಲಿ, ತಲಿ ಅಷ್ಟ ಆಡಸ್ರಿ. ಮಾತಾಡಾಕ ಬಂದೇಸಾಬಣ್ಣ ಅದಾನ, ಸಾಕ್ಷಿ ಹೇಳಾಕ ಹಸನ್‌ಸಾಬಣ್ಣ ಅದಾನ. ನಿಮ್ಮ ಬಾಯಿಂದ ಆ ಸುಡುಗಾಡ ಮಾತೊಂದು ಬಂತೋ, ನಾ ತವರಿಗೆ ಹೋದೆ ಅಂತ ತಿಳೀರಿ.”

“ತಪ್ಪಾ—” ಎನ್ನುವಷ್ಟರಲ್ಲಿ ಎಲೆಯ ಮುದ್ದೆ ಅವನ ಬಾಯಿಗೆ ತುರುಕಿ ಆಗಿತ್ತು.

ಇಷ್ಟು ವರ್ಷ ತಾನು ಮೋಟಾರು ಓಡಿಸಿದ ದಾರಿಯಲ್ಲಿ ಆದೆಪ್ಪ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತು ಹೋದ. ಎರಡೂ ಕಡೆ ಎರೆಹೊಲ, ನೀರುಂಡ ಮಣ್ಣಿನ ವಾಸನೆ. ಪ್ರತಿ ತಿರುವಿನಲ್ಲೂ ಅವನ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು. ಬಳಿಯಿದ್ದ ಶೇಖರಮ್ಮ ಅದನ್ನು ಕಂಡಳು. ಸೆರಗಿನ ಗಂಟನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು.

ಬಂಗಲೆಯ ವರಾಂಡದಲ್ಲಿ ಸಾಹೇಬರು ಮೇಜು ಹಾಕಿಸಿಕೊಂಡಿದ್ದರು. ವಯಸ್ಸು ಚಿಕ್ಕದು, ಕೋಟು ದೊಡ್ಡದು. ಅಂಬಪ್ಪ ಮೊದಲೇ ಬಂದು ಅವರಿಗೆ ಎಳನೀರು ಕುಡಿಸಿ ನಿಂತಿದ್ದ. ಮೆಟ್ಟಿಲು ಹತ್ತುವ ಮುಂಚೆ ಶೇಖರಮ್ಮ ಗಂಡನ ಬಾಯಿಗೆ ಇನ್ನೊಂದು ಎಲೆಯ ಮುದ್ದೆ ಇಟ್ಟಿದ್ದಳು.

“ಲಾರಿ ಬಂದಾಗ ನಿಮ್ಮ ಮೋಟಾರು ನಿಂತಿತ್ತೇನ್ರಿ?”

ಆದೆಪ್ಪ ತಲೆಯಾಡಿಸಿದ.

“ನೀವು ಅದರಾಗ ಕುಂತಿದ್ದಿಲ್ಲ?”

ತಲೆ ಇನ್ನೊಂದು ಬಗೆಯಲ್ಲಿ ಆಡಿತು. ಎಲ್ಲ ಸರಿಯಾಗಿ ನಡೆಯುತ್ತಿತ್ತು. ಅಂಬಪ್ಪ ಗಂಟಲು ಸರಿಮಾಡಿಕೊಂಡ.

“ನೋಡ್ರಿ ಸಾಹೇಬ್ರ, ನಿಮ್ಮಂಥವರ ಮುಂದ ಬಾಯಿತುಂಬ ಎಲಿ ಹಾಕ್ಕೊಂಡು ನಿಂತಾನ. ಮರ್ಯಾದಿ ಅನ್ನೂದು ಐತೇನ್ರಿ ಈ ಮಂದಿಗೆ?”

ಮರ್ಯಾದೆಯ ಮಾತು ಬಂದದ್ದೇ ಆದೆಪ್ಪನ ಮುಖ ಕೆಂಪಾಯಿತು. ಬಡಬಡನೆ ಮೆಟ್ಟಿಲಿಳಿದು, ಕ್ರೋಟನ್ ಗಿಡದ ಬುಡದಲ್ಲಿ ಉಗುಳಿ, ಬಾಯಿ ಒರೆಸಿಕೊಂಡು ಬಂದು ಎರಡೂ ಕೈ ಜೋಡಿಸಿದ.

“ತಪ್ಪಾತ್ರೀ ಸಾಹೇಬ್ರ!”

“ಬರಕೋರಿ!” ಅಂಬಪ್ಪ ಕುಣಿಯುವುದೊಂದು ಬಾಕಿ. “ಮತ್ತ ಅಂದ! ಅಮೀನಸಾಹೇಬ್ರ ಮುಂದ ಅಂದಿದ್ದ, ಈಗ ನಿಮ್ಮ ಮುಂದ ಅಂದ. ಇನ್ನ ಏನು ಬೇಕ್ರೀ?”

ಹಸನ್‌ಸಾಬ್ ಎಮ್ಮೆಯ ಕತೆ ಶುರುಮಾಡಿದ. ಸಾಹೇಬರು ಕೈಯೆತ್ತಿ ನಿಲ್ಲಿಸಿದರು. ವಿಮೆಯ ಕಾಯಿದೆಯಲ್ಲಿ ಎಮ್ಮೆಯ ಸಾಕ್ಷಿಗೆ ಜಾಗವಿರಲಿಲ್ಲ. ಅವರ ಪೆನ್ನು ಕಾಗದದ ಮೇಲೆ ಇಳಿಯುವುದರಲ್ಲಿತ್ತು. ಆದೆಪ್ಪ ಆ ಪೆನ್ನಿನ ತುದಿಯನ್ನೇ ನೋಡುತ್ತಿದ್ದ. ಒಂದು ಮಾತು ಇಷ್ಟು ಚಿಕ್ಕದು, ಅದರ ಕೆಳಗೆ ಇಡೀ ಮೋಟಾರು ಹೇಗೆ ಸಿಕ್ಕಿಕೊಂಡಿತು ಎಂದು ಅವನಿಗೆ ತಿಳಿಯಲಿಲ್ಲ.

ಶೇಖರಮ್ಮ ಸೆರಗಿನ ಗಂಟು ಬಿಚ್ಚಿ, ನಾಲ್ಕು ಮಡಿಕೆಯ ನುಣುಪು ಕಾಗದವೊಂದನ್ನು ಮೇಜಿನ ಮೇಲೆ ಇಟ್ಟಳು.

“ಇದು ಯಾರ ಕಾಗದ್ರೀ ಯಪ್ಪಾ?”

“ನಮ್ಮ ಕಂಪನೀದು.”

“ಮೊದಲನೇ ಸಾಲು ನಮ್ಮ ಮಾತಿನಾಗ ಹೇಳ್ರಿ.”

“ನಿಮ್ಮ ಮೋಟಾರಿಗೆ ಹಾನಿ ಆದದ್ದಕ್ಕ ನಾವು ವಿಷಾದ ಪಡ್ತೀವಿ.”

“ವಿಷಾದ ಅಂದ್ರ?”

ಸಾಹೇಬರು ಬಂದೇಸಾಬನ ಕಡೆ ನೋಡಿದರು. ಬಂದೇಸಾಬ ಡಿಕ್ಷನರಿಯನ್ನು ಎದೆಗೊತ್ತಿಕೊಂಡು ಆಕಾಶ ನೋಡುತ್ತಿದ್ದ.

“ತಪ್ಪಾತ್ರೀ ಅಂತ. ಹೌದಲ್ರೀ?” ಎಂದಳು ಅವಳೇ. “ನಮ್ಮ ಮೋಟಾರ್ ಹಾಳಾಗಿದ್ದಕ್ಕ ನಿಮ್ಮ ಕಂಪನಿ ತಪ್ಪಾತು ಅಂತ ಬರದು, ಶಿಕ್ಕಾ ಹೊಡದು, ಸಹಿ ಹಾಕಿ ಕಳಿಸೇತಿ. ಹಂಗಾದ್ರ ಗುದ್ದಿದ್ದು ಲಾರೀನೂ ಅಲ್ಲ, ನಾವೂ ಅಲ್ಲ. ನಿಮ್ಮ ಕಂಪನೀನ ಏನ್ರೀ?”

“ಛೇ ಛೇ, ಅದು ಬರೇ ಮರ್ಯಾದಿ ಮಾತ್ರೀ ತಾಯಿ. ಎಲ್ಲಾ ಕಾಗದಕ್ಕೂ ಹಾಕ್ತೀವಿ.”

“ಹಾಂ. ಇದನ್ನ ಬರಕೋರಿ” ಎಂದಳು ಶೇಖರಮ್ಮ, ಸೆರಗು ಸರಿಮಾಡಿಕೊಳ್ಳುತ್ತ. “ನಮ್ಮ ಮನಿಯವರೂ ಎಲ್ಲಾರಿಗೂ ಹಾಕ್ತಾರ. ಅವರಿಗೆ ಶಿಕ್ಕಾ ಇಲ್ಲ, ಅಷ್ಟ.”

ಸಾಹೇಬರು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಒರೆಸುವುದಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಕರವಸ್ತ್ರ ಬಾಯಿಯ ಮೇಲೇ ಇತ್ತು. ಆಮೇಲೆ ಅಂಬಪ್ಪನತ್ತ ತಿರುಗಿದರು.

“ನಿಮ್ಮ ಡ್ರೈವರ್ ಹಿಂದಕ್ಕ ಬರೂವಾಗ ಹಾರ್ನ್ ಹಾಕಿದ್ನೇನ್ರಿ?”

“ಹಾರ್ನ್ ಕೆಟ್ಟು ಮೂರು ತಿಂಗಳಾಗಿತ್ತಲ್ರೀ” ಎಂದುಬಿಟ್ಟ ಅಂಬಪ್ಪ, ಎಳನೀರಿನ ಸಲಿಗೆಯಲ್ಲಿ.

ಪೆನ್ನು ಕಾಗದಕ್ಕೆ ಇಳಿಯಿತು. ಒಂದಿಷ್ಟು ಬರೆದು ಸಾಹೇಬರು ಆದೆಪ್ಪನನ್ನು ಹತ್ತಿರ ಕರೆದರು. ಹಳೆಯ ಒಪ್ಪಿಗೆಯನ್ನು ಅಳಿಸಬೇಕಾದರೆ ಹೊಸ ಹೇಳಿಕೆ ಬೇಕು, ಅದನ್ನು ಅವನೇ ಬಾಯಿಬಿಟ್ಟು ಹೇಳಬೇಕು, ‘ನನ್ನ ತಪ್ಪಿಲ್ಲ’ ಅಂದರೆ ಸಾಕು ಎಂದರು.

ಆದೆಪ್ಪ ಹುಟ್ಟಿದ ಮೇಲೆ ಆ ಮಾತು ಆಡಿರಲಿಲ್ಲ. ಅದು ಬೇರೆ ಯಾರದೋ ಚಪ್ಪಲಿ ಮೆಟ್ಟಿದ ಹಾಗೆ ನಾಲಿಗೆಗೆ ಸರಿಹೊಂದಲಿಲ್ಲ. ಅವನು ಹೆಂಡತಿಯ ಕೈಗಳನ್ನು ನೋಡಿದ. ಹಸಿರು ಗಾಜಿನ ನಾಲ್ಕು ಬಳೆ, ಬಂಗಾರವಿದ್ದಲ್ಲಿ ಇನ್ನೂ ಸಣ್ಣದೊಂದು ಬಿಳಿಯ ಗೆರೆ.

“ನಂದು... ನಂದು ತಪ್ಪಿಲ್ರೀ” ಎಂದ. ದನಿ ಕೇಳಿಸಿತು. ವರಾಂಡದ ಕೊನೆಯವರೆಗೂ ಕೇಳಿಸಿತು. ಕೂಡಲೇ ಅಂಬಪ್ಪನ ಕಡೆ ತಿರುಗಿ ಕೈಜೋಡಿಸಿದ. “ತಪ್ಪಾತ್ರೀ ಮುನಶೇರ, ನಿಮ್ಮ ಎದುರಿಗೆ ಹಿಂಗ ಅನಬೇಕಾತು.”

ಸಾಹೇಬರ ಪೆನ್ನು ನಿಂತಿತು. ಶೇಖರಮ್ಮ ಕಾಗದದ ಮೇಲೆ ಅಂಗೈ ಅಡ್ಡ ಇಟ್ಟಳು.

“ಅದನ್ನ ಬರೀಬ್ಯಾಡ್ರಿ ಯಪ್ಪಾ. ಅದು ಮರ್ಯಾದಿ.”

ಏಳು ತಿಂಗಳ ಮೇಲೆ ಕಂಪನಿಯ ಹಣ ಬಂತು. ಜೊತೆಗೊಂದು ಕಾಗದ, ತಡವಾದದ್ದಕ್ಕೆ ಅದರಲ್ಲೂ ಎರಡು ಸಲ ರಿಗ್ರೆಟ್. ಮೋಟಾರಿನ ಮುಖ ನೆಟ್ಟಗಾಯಿತು. ಹೊಸ ದೀಪ ಹಳೆಯದಕ್ಕಿಂತ ದೊಡ್ಡದಾಗಿ, ಅದು ಊರನ್ನು ಸ್ವಲ್ಪ ಓರೆಗಣ್ಣಿನಿಂದ ನೋಡುವಂತಾಯಿತು.

ಮೊದಲ ಬಾಡಿಗೆ ಸಿಂಧನೂರಿಗೆ. ಶೇಖರಮ್ಮ ಎಡಬಳೆಯನ್ನು ಓಡುವಾಗ ನೋಡಬೇಕೆಂದು ಮುಂದಿನ ಸೀಟಿನಲ್ಲಿ ಕುಳಿತಿದ್ದಳು. ಹೊಸ ಕಾಲುವೆಯ ಸೇತುವೆಯ ಮೇಲೆ ಎದುರಿಗೆ ಗುತ್ತಿಗೆದಾರನ ಲಾರಿ ಬಂತು, ಇಡೀ ರಸ್ತೆ ತನ್ನದೆಂಬಂತೆ, ಅದೇ ಕೆಟ್ಟುನಿಂತ ಹಾರ್ನಿನೊಂದಿಗೆ. ಅಂಬಪ್ಪ ಮುಂದೆಯೇ ಕುಳಿತಿದ್ದ. ಆದೆಪ್ಪ ಮೋಟಾರನ್ನು ಅಂಚಿಗೆ ಎಳೆದು ನಿಲ್ಲಿಸಿದ, ಕಿಟಕಿಯಿಂದ ತಲೆ ಹೊರಗೆ ಹಾಕಿದ. ಅವನ ತುಟಿ ಅಲುಗಿದ್ದನ್ನು ಕಂಡದ್ದೇ ಶೇಖರಮ್ಮ ಸೆರಗಿನಲ್ಲಿ ಸಿದ್ಧವಾಗಿದ್ದ ಎಲೆಯ ಮುದ್ದೆಯನ್ನು ತೆಗೆದು ಅವನ ಬಾಯಿಗೆ ತುರುಕಿದಳು.