ಸಾಲಿನ ಕೊನೆಯವಳು

ಕಿರವತ್ತಿ ದಾಟಿ ಎಡಕ್ಕೆ ತಿರುಗುವ ಮಣ್ಣುರಸ್ತೆಯ ಬಾಯಲ್ಲಿ ನಮ್ಮದೊಂದು ಬೋರ್ಡಿದೆ, 'ಕಾಲ್ನಡಿಗೆ ಸಫಾರಿ' ಎಂದು. ಅದನ್ನು ಓದಿಕೊಂಡೇ ಬಂದವರೂ ಕಾರಿನಿಂದ ಇಳಿದ ಕೂಡಲೇ ಕೇಳುವುದು, "ಜೀಪ್ ಎಲ್ಲೈತ್ರೀ?" ನಾನು ಅವರ ಕಾಲು ತೋರಿಸುತ್ತೇನೆ. ಕೆಲವರು ನಗುತ್ತಾರೆ, ಕೆಲವರಿಗೆ ಸಿಟ್ಟು ಬರುತ್ತದೆ. ಸಿಟ್ಟು ಬಂದವರನ್ನು ಸಾಲಿನಲ್ಲಿ ಹಿಂದೆ, ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಮುಂದೆ ಬಿಟ್ಟರೆ ನಮ್ಮನೆಯವರ ತಲೆ ತಿನ್ನುತ್ತಾರೆ.

ನಮ್ಮನೆಯವರು ಎಲ್ಲರಿಗಿಂತ ಮುಂದೆ, ನಾನು ಎಲ್ಲರಿಗಿಂತ ಹಿಂದೆ, ನಡುವೆ ಆರೋ ಎಂಟೋ ಮಂದಿ. ನಮ್ಮ ಕೆಲಸ ನಡೆಯುವುದೇ ಹೀಗೆ. ಅವರು ಇದೇ ಕಾಡಿನಲ್ಲಿ ಬೇಸಿಗೆಯ ಬೆಂಕಿ ಕಾಯುವ ದಿನಗೂಲಿ ಮಾಡುತ್ತ ದಾರಿ ಕಲಿತವರು. ನಾನು ಬನವಾಸಿ ಕಡೆಯ ಗದ್ದೆಬಯಲಿನವಳು, ಮದುವೆಯಾಗಿ ಬರುವವರೆಗೆ ಸಾಗವಾನಿಯನ್ನು ಬಾಗಿಲು ಕಿಟಕಿಯಾಗಿ ಮಾತ್ರ ನೋಡಿದ್ದವಳು. ನಡೆಯಲು ನಮಗೆ ಒಪ್ಪಿಗೆ ಸಿಕ್ಕಿರುವ ದಾರಿ ಎರಡು. ಎರಡೂ ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಅಗಲ.

ಮುಂದಾಳು ಹಿಂದೆ ತಿರುಗಿ ನೋಡುವಂತಿಲ್ಲ ಎನ್ನುವುದು ನಮ್ಮನೆಯವರೇ ಮಾಡಿದ ನಿಯಮ. ಬಿದಿರಿನ ಮೆಳೆಯೊಳಗೆ ನಿಂತ ಕಾಡುಕೋಣ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಸಿಗುತ್ತದೆ. ಅದು ಸಿಗುವ ಹೊತ್ತಿಗೆ ಮುಂದಾಳು ಹಿಂದಿನವರ ಬೂಟಿನ ಲೇಸು ನೋಡುತ್ತಿದ್ದರೆ ಕೆಲಸ ಕೆಟ್ಟಿತು. ಆದ್ದರಿಂದ ಹಿಂದಿನದೆಲ್ಲ ನನ್ನ ಪಾಲಿಗೆ. ಯಾರಾದರೂ ನಿಂತರೆ, ಮುಳ್ಳು ಚುಚ್ಚಿಸಿಕೊಂಡರೆ, ನಾನು ಕೈಯಲ್ಲಿರುವ ಕೋಲಿನಿಂದ ಪಕ್ಕದ ಮರಕ್ಕೆ ಎರಡು ಸಲ ಬಡಿಯುತ್ತೇನೆ. ಎರಡು ಬಡಿತ ಕೇಳಿದರೆ ಎಲ್ಲರೂ ಇದ್ದಲ್ಲೇ ನಿಲ್ಲಬೇಕು, ಒಂದು ಕೇಳಿದರೆ ಮತ್ತೆ ನಡೆಯಬೇಕು. ಯಾರೂ ಕೂಗುವಂತಿಲ್ಲ. ಹನ್ನೊಂದು ವರ್ಷ ನಾನು ಕಾಡಿನಲ್ಲಿ ಗಂಡನ ಜೊತೆ ಆಡಿದ ಮಾತೆಂದರೆ ಈ ಒಂದು ಮತ್ತು ಎರಡು, ಅಷ್ಟೇ.

ಪುಣೆಯಿಂದ ಬಂದಿದ್ದ ಹೆಂಗಸೊಬ್ಬರು ಒಮ್ಮೆ ನನ್ನ ಕೈ ಹಿಡಿದುಕೊಂಡು, ದಿನವಿಡೀ ಗಂಡ ಹೆಂಡತಿ ಇಬ್ಬರೂ ಕಾಡಿನಲ್ಲಿ ಜೊತೆಯಾಗಿ ಇರುತ್ತೀರಿ, ಎಂಥ ಪುಣ್ಯ ನಿಮ್ಮದು ಎಂದರು. ನಾನು ಹೌದು ಹೌದು ಎಂದೆ. ಸಾಲಿನ ಕೊನೆಯಿಂದ ನನಗೆ ಗಂಡ ಎಂದು ಕಾಣುವುದು ಒಂದು ಖಾಕಿ ಟೋಪಿ, ಅದೂ ದಾರಿ ಏರುವಾಗ ಮಾತ್ರ. ಅವರು ಮುಖ ತಿರುಗಿಸದೆ, ಮುಂದೆ ನೋಡುತ್ತಲೇ ಒಂದೊಂದು ಮರದ ಕತೆ ಹೇಳುತ್ತಾರೆ. ಮುಂದಿನ ಮೂರ್ನಾಲ್ಕು ಜನಕ್ಕೆ ಅದು ಪೂರ್ತಿ ಸಿಗುತ್ತದೆ. ನನ್ನವರೆಗೆ ಬರುವುದು ಚೂರುಪಾರು, "ಹೂ ಬಿಟ್ಟಾಗ" ಎನ್ನುವಷ್ಟು, "ನಮ್ಮಜ್ಜ ಅಂತಿದ್ದ" ಎನ್ನುವಷ್ಟು. ಆ ಅಜ್ಜ ಏನೆನ್ನುತ್ತಿದ್ದ ಎನ್ನುವುದು ಬೆಂಗಳೂರಿನವರಿಗೆ ಗೊತ್ತಿದೆ, ನನಗೆ ಗೊತ್ತಿಲ್ಲ.

ಮನೆಯಲ್ಲಿ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಮನೆಗೆ ಬರುವಾಗ ಅವರ ಮಾತಿನ ಚೀಲ ಖಾಲಿಯಾಗಿರುತ್ತಿತ್ತು. "ಅನ್ನ ಹಾಕು", "ನಾಳೆ ಎಷ್ಟು ಮಂದಿ?" ಇಷ್ಟಕ್ಕೇ ಮುಗಿಯುತ್ತಿತ್ತು. ನಮಗೆ ಮಕ್ಕಳಿಲ್ಲ. ಪಕ್ಕದ ಮನೆಗೆ ಹೋಗಬೇಕೆಂದರೆ ಚಪ್ಪಲಿ ಹಾಕಿಕೊಂಡು ಹೊರಡಬೇಕು, ಅಷ್ಟು ದೂರ. ಬಂದವರ ಮೇಲೆ ನನಗೆ ಹೊಟ್ಟೆಕಿಚ್ಚು, ಮುಚ್ಚಿಡುವುದೇನಿದೆ? ನನ್ನ ಗಂಡನ ಮಾತನ್ನೆಲ್ಲ ಅವರು ತಿಂದು ಹೋಗುತ್ತಿದ್ದರು, ನಾನು ಎಲೆ ಎತ್ತುತ್ತಿದ್ದೆ.

ಹೋದ ವರ್ಷ ಬೇಸಿಗೆಯ ಹೊತ್ತಿಗೆ ಅವರ ದನಿ ದೊಡ್ಡದಾಯಿತು. ಚೂರುಪಾರು ಬರುತ್ತಿದ್ದದ್ದು ಪೂರ್ತಿ ವಾಕ್ಯವಾಗಿ ಬರತೊಡಗಿತು. ನನಗೆ ಖುಷಿಯೋ ಖುಷಿ. ನನಗೂ ಕೇಳಲಿ ಎಂದೇ ಜೋರಾಗಿ ಹೇಳುತ್ತಿದ್ದಾರೆ ಎಂದುಕೊಂಡು ಎರಡು ವಾರ ಹಿಗ್ಗಿದೆ. ಮತ್ತಿಮರದ ಹತ್ತಿರ ಅವರು ಹೇಳುವ ತಮಾಷೆ ನನಗೆ ಮೊದಲ ಸಲ ಪೂರ್ತಿ ಸಿಕ್ಕಿದ್ದು ಆಗಲೇ. ಮತ್ತಿಯ ತೊಗಟೆ ಮೊಸಳೆಯ ಬೆನ್ನಿನ ಹಾಗೆ ಒಡೆದಿರುತ್ತದೆ, ಬೇಸಿಗೆಯಲ್ಲೂ ಕಾಂಡದೊಳಗೆ ನೀರಿರುತ್ತದೆ. "ಇದು ನಮ್ಮ ಕಾಡಿನ ಮೊಸಳಿ. ಕಚ್ಚಂಗಿಲ್ಲ. ನನ್ನ ಹೆಂಡ್ತಿ ಹಂಗ ಒಳಗ ನೀರು ತುಂಬಿಕೊಂಡು ಸುಮ್ಮನ ನಿಂತಿರತೈತಿ." ಇಷ್ಟು ಹೇಳಿ ಒಂದು ಗಳಿಗೆ ತಡೆಯುತ್ತಾರೆ. ಎಲ್ಲರೂ ಹಿಂದೆ ತಿರುಗಿ ನನ್ನನ್ನು ನೋಡಿ ನಗುತ್ತಾರೆ. ಇಷ್ಟು ವರ್ಷ ಆ ಜಾಗಕ್ಕೆ ಬಂದಾಗ ಮಂದಿ ನನ್ನನ್ನು ನೋಡಿ ಯಾಕೆ ನಗುತ್ತಾರೆ ಎನ್ನುವುದು ನನಗೆ ತಿಳಿದಿರಲಿಲ್ಲ.

ಆಮೇಲೆ ಮನೆಯಲ್ಲಿ ಕುಕ್ಕರ್ ಮೂರು ಸೀಟಿ ಹೊಡೆದರೂ ಅವರು "ಇನ್ನೂ ಸೀಟಿ ಆಗಿಲ್ಲ" ಎಂದರು. ಫೋನನ್ನು ಕಿವಿಗಿಡುವುದು ಬಿಟ್ಟು ಸ್ಪೀಕರಿಗೆ ಹಾಕತೊಡಗಿದರು. ನಾನು ಬಾಗಿಲಲ್ಲಿ ನಿಂತು ಕರೆದರೆ ತಿರುಗದವರು, ಎದುರಿಗೆ ಬಂದು ತುಟಿ ಅಲ್ಲಾಡಿಸಿದರೆ ಉತ್ತರ ಕೊಡುತ್ತಿದ್ದರು. ಕಾಡಿನಲ್ಲಿ ಎರಡು ಬಡಿದರೆ ತಡವಾಗಿ ನಿಲ್ಲುತ್ತಿದ್ದರು, ಬೆನ್ನ ಹಿಂದಿನ ಹೆಜ್ಜೆ ನಿಂತದ್ದು ಹೇಗೋ ತಿಳಿದ ಮೇಲೆ. ನಾನು ಜೋರಾಗಿ ಬಡಿಯತೊಡಗಿದೆ. ಬಿದಿರು ಕೋಲು ಸೀಳಿ ಹೋಯಿತು, ದಪ್ಪದ್ದೊಂದು ಕಡಿದುಕೊಂಡೆ. ದನಿ ದೊಡ್ಡದಾದದ್ದು ನನಗೋಸ್ಕರ ಅಲ್ಲ, ತನ್ನ ಮಾತು ತನಗೇ ಕೇಳಿಸದ್ದಕ್ಕೆ ಎಂದು ಆಗ ಅರ್ಥವಾಯಿತು. ನನಗೆ ಅಳು ಬರಲಿಲ್ಲ, ನಾಚಿಕೆಯಾಯಿತು.

ಹೇಳಬೇಕಿತ್ತು. ಹೇಳಲಿಲ್ಲ. ಮುಂದೆ ನಡೆಯುವವನಿಗೆ ಕಿವಿಯೇ ಬಂಡವಾಳ. ಅದು ಹೋದರೆ ಅವರು ಮುಂದೆ ನಡೆಯುವಂತಿಲ್ಲ, ಮುಂದೆ ನಡೆಯದ ಅವರು ಯಾರು ಎನ್ನುವುದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಹೇಳದಿದ್ದರೆ, ನಮ್ಮನ್ನು ನಂಬಿ ಬಂದ ಮಂದಿಯ ಜೀವ. ಮಳೆಗಾಲದ ನಾಲ್ಕು ತಿಂಗಳು ನಮಗೆ ನಡಿಗೆ ಇಲ್ಲ, ಅಷ್ಟರಲ್ಲಿ ಹೇಳಿದರಾಯಿತು ಎಂದುಕೊಂಡೆ. ನಾಲ್ಕು ತಿಂಗಳು ಒಂದೇ ಸೂರಿನ ಕೆಳಗೆ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ಕೂತೆವು.

ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಹುಬ್ಬಳ್ಳಿಯಿಂದ ಆರು ಮಂದಿ ಬಂದರು. ಒಂದೇ ಬಡಾವಣೆಯ ವಾಕಿಂಗ್ ಗೆಳೆಯರು, ಎಲ್ಲರೂ ಪಿಂಚಣಿಯವರು. ಹೇಳಿದ ಮಾತು ಕೇಳುವ ಜನ. ಎಲ್ಲರಿಗಿಂತ ಹಿಂದೆ, ನನ್ನ ಮುಂದೆ, ಒಬ್ಬ ನಿವೃತ್ತ ಟೀಚರಮ್ಮ. ಬಿದಿರಿನ ಇಳಿಜಾರು ಮುಗಿಯುವ ಕಡೆ ಅವರ ಹೊಸ ಬೂಟಿನ ಅಟ್ಟೆ ಬಾಯಿ ಬಿಟ್ಟಿತು. ನಾನು ಎರಡು ಬಡಿದೆ.

ಆರೂ ಮಂದಿ ನಿಂತರು, ಪ್ರಾರ್ಥನೆಗೆ ನಿಂತ ಶಾಲೆ ಮಕ್ಕಳ ಹಾಗೆ ಗಪ್‌ಚಿಪ್. ನಮ್ಮನೆಯವರು ನಿಲ್ಲಲಿಲ್ಲ. ಮತ್ತೆ ಬಡಿದೆ. ಅವರ ಹಿಂದೆಯೇ ಇದ್ದ ಹಿರಿಯರು ನನ್ನತ್ತ ತಿರುಗಿ ಏನು ಮಾಡಲಿ ಎಂದು ಕೈಸನ್ನೆ ಮಾಡಿದರು. ಕೂಗಬಾರದು, ಬಡಿತ ಬೀಳದೆ ಕದಲಬಾರದು ಎಂದು ನಾವೇ ಹೇಳಿದ್ದೆವಲ್ಲ. ಆ ಪಾಪದ ಮನುಷ್ಯ ನಿಯಮ ಮುರಿಯಲಿಲ್ಲ. ಖಾಕಿ ಟೋಪಿ ತಿರುವಿನಲ್ಲಿ ಮರೆಯಾಯಿತು. ದನಿ ಮಾತ್ರ ಕೇಳುತ್ತಿತ್ತು. ಅವರು ಹೇಳುತ್ತಲೇ ಹೋಗುತ್ತಿದ್ದರು, ಬೆನ್ನ ಹಿಂದೆ ಆರು ಮಂದಿ ಇದ್ದಾರೆ ಎಂಬ ಧೈರ್ಯದಲ್ಲಿ.

ಮತ್ತಿಮರ ಬಂತೆಂದು ಮಾತಿನಿಂದಲೇ ತಿಳಿಯಿತು. "ಇದು ನಮ್ಮ ಕಾಡಿನ ಮೊಸಳಿ." ನಾವು ಏಳೂ ಮಂದಿ ನಿಂತಲ್ಲೇ ಕೇಳಿದೆವು. ಹೆಂಡತಿಯ ಮಾತು ಬಂತು. ಆಮೇಲೆ ಅವರು ತಡೆದರು, ನಗುವಿಗೆ ಜಾಗ ಬಿಟ್ಟು. ನಗಲು ಅಲ್ಲಿ ಒಂದು ನರಪಿಳ್ಳೆ ಇಲ್ಲ. ಎಂದಿನಷ್ಟೇ ಹೊತ್ತು ಕಾದು, ಎಂದಿನ ಹಾಗೆಯೇ ಮಾತು ಮುಂದುವರಿಸಿದರು. ಎಷ್ಟೋ ತಿಂಗಳಿಂದ ಅವರಿಗೆ ಯಾರ ನಗುವೂ ಕೇಳಿಸಿರಲಿಲ್ಲ. ಯಾರೂ ನಗುತ್ತಿಲ್ಲ ಎಂದುಕೊಂಡೇ ದಿನಾ ಅಲ್ಲಿ ತಡೆದು, ಕಾದು, ಮುಂದೆ ಹೋಗುತ್ತಿದ್ದರು.

ಟೀಚರಮ್ಮ ನನ್ನ ತೋಳು ಮುಟ್ಟಿ, ಪಿಸುದನಿಯಲ್ಲಿ, "ಹೋಗ್ರಿ. ಇವರನ್ನ ನಾ ನೋಡಿಕೊಳ್ತೀನಿ" ಎಂದರು. ಕೊನೆಯವಳು ಸಾಲು ಬಿಡುವಂತಿಲ್ಲ. ಆದರೆ ಅಷ್ಟರಲ್ಲೇ ತಿರುವಿನ ಆಚೆ ಒಣಬಿದಿರು ಲಟಕ್ಕೆಂದು ಮುರಿಯಿತು. ಹಿಂದೆಯೇ ಮೂಗಿನಿಂದ ಬುಸ್ಸೆಂದು ಉಸಿರು ಬಿಟ್ಟ ಸದ್ದು. ಕಾಡುಕೋಣ. ಅಷ್ಟು ದೂರದಿಂದ ನಮಗೆಲ್ಲ ಕೇಳಿದ್ದು ಹತ್ತಿರವಿದ್ದ ಅವರಿಗೆ ಕೇಳಲಿಲ್ಲ, ಮಾತು ನಿಲ್ಲಲಿಲ್ಲ. ನಾನು ಓಡಿದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಕಾಡಿನಲ್ಲಿ ಬಾಯಿ ತೆರೆದು "ರೀ!" ಎಂದು ಕೂಗಿದೆ. ಯಾರೂ ಕೂಗಬಾರದ ಕಡೆ ಕೂಗಿದ್ದು ಒಂದು ತಪ್ಪು. ಆರು ತಿಂಗಳು ಬಾಯಿ ಮುಚ್ಚಿಕೊಂಡಿದ್ದದ್ದು ಅದಕ್ಕಿಂತ ದೊಡ್ಡ ತಪ್ಪು.

ಅವರು ಮತ್ತಿಮರದ ಬುಡದಲ್ಲಿ ತೊಗಟೆಯ ಮೇಲೆ ಅಂಗೈ ಇಟ್ಟು ನಿಂತಿದ್ದರು. ಎಡಕ್ಕೆ, ನಮ್ಮ ಅಂಗಳದಷ್ಟು ದೂರದಲ್ಲಿ, ಬಿದಿರಿನ ನಡುವೆ ಒಂಟಿ ಕೋಣ ತಲೆ ತಗ್ಗಿಸಿ ನಿಂತಿತ್ತು. ನಾನು ಅವರ ಕೈ ಹಿಡಿದೆ. ತಿರುಗಿದರು. ನನ್ನ ಮುಖ ನೋಡಿದರು, ನನ್ನ ಹಿಂದಿನ ಖಾಲಿ ದಾರಿ ನೋಡಿದರು, ಆಮೇಲೆ ಕೋಣವನ್ನು. ನೆಲ ನೋಡುತ್ತ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಸಿ ನನ್ನನ್ನು ಮರದ ಮರೆಗೆ ತಂದರು. ಕೋಣ ಇನ್ನೊಮ್ಮೆ ಬುಸುಗುಟ್ಟಿ, ಬಿದಿರು ಮುರಿಯುತ್ತ ಹಳ್ಳದ ಕಡೆ ಇಳಿದುಹೋಯಿತು.

"ಮಂದಿ ಎಲ್ಲಿ?" ಎಂದರು. ನಾನು ಏನೇನೋ ಹೇಳಿದೆ. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು, ನಾನು ಏದುಸಿರು ಬಿಡುತ್ತಿದ್ದೆ, ಏನೂ ತಿಳಿಯಲಿಲ್ಲ. ಕೊನೆಗೆ ನಾನು ಎರಡು ಬೆರಳು ಎತ್ತಿ ಗಾಳಿಯಲ್ಲಿ ಬಡಿದು ತೋರಿಸಿದೆ.

ಅವರು ಮರಕ್ಕೆ ಒರಗಿ ಕೂತುಬಿಟ್ಟರು. ನನ್ನ ಮುಖ ನೋಡಿ ಕೇಳಿದರು. "ನಿಂಗ ಯಾವಾಗಿಂದ ಗೊತ್ತು?"

"ಬ್ಯಾಸಿಗಿಯಿಂದ."

"ಯಾಕ ಹೇಳಲಿಲ್ಲ?"

"ನೀವ್ಯಾಕ ಹೇಳಲಿಲ್ಲ?"

ಅದಕ್ಕೆ ಅವರು ಉತ್ತರ ಕೊಡಲಿಲ್ಲ. ಕೇಳಿಸಲಿಲ್ಲವೋ, ಕೇಳಿಸಿಯೂ ಸುಮ್ಮನಾದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಎದ್ದು ಬಂದು ಆರು ಮಂದಿಗೂ ಕೈ ಮುಗಿದು, "ನನ್ನದ ತಪ್ಪು. ನನ್ನ ಕಿವಿ ಹೋಗ್ಯಾವು" ಎಂದರು. ಎಷ್ಟು ಜೋರಾಗಿ ಹೇಳಿದರೆಂದರೆ ಟೀಚರಮ್ಮ ಕಣ್ಣು ಒರೆಸಿಕೊಂಡರು.

ಹುಬ್ಬಳ್ಳಿಗೆ ಹೋಗಿ ಕಿವಿಗೆ ಮಿಷನ್ ಹಾಕಿಸಿಕೊಂಡು ಬಂದೆವು. ಮನೆಯಲ್ಲಿ ಪರವಾಗಿಲ್ಲ. ಕಾಡಿಗೆ ಕಾಲಿಟ್ಟರೆ ಒಣಗಿದ ಸಾಗವಾನಿ ಎಲೆಯ ಮೇಲೆ ತನ್ನದೇ ಹೆಜ್ಜೆ ಹಪ್ಪಳ ಮುರಿದ ಹಾಗೆ ಕೇಳುತ್ತದಂತೆ, ಬೇರೇನೂ ಕೇಳುವುದಿಲ್ಲವಂತೆ, ಸದ್ದು ಯಾವ ದಿಕ್ಕಿನದು ಎಂದೂ ತಿಳಿಯುವುದಿಲ್ಲವಂತೆ. ಎರಡನೇ ದಿನವೇ ತೆಗೆದು ಡಬ್ಬಿಯಲ್ಲಿಟ್ಟರು, ಆಮೇಲೆ ಮನೆಯಲ್ಲೂ ಹಾಕಿಕೊಳ್ಳಲಿಲ್ಲ. ಬೋರ್ಡು ಇಳಿಸೋಣ ಎಂದರು. ನಾನು ಬೇಡವೆಂದೆ. ನನ್ನ ಕಿವಿ ಚೆನ್ನಾಗಿದೆ, ಇಲ್ಲದ್ದು ಮಾತು ಮಾತ್ರ. ಅದನ್ನು ನೀವು ಕಲಿಸಿ ಎಂದೆ.

ಹತ್ತು ಹನ್ನೆರಡು ದಿನ ಅವರು ಕಲಿಸಿದರು. ಬೆಳಗಿನ ಬಿಸಿಲಲ್ಲಿ ಮರದಿಂದ ಮರಕ್ಕೆ ನಿಲ್ಲಿಸಿ, ಅಜ್ಜ ಏನೆನ್ನುತ್ತಿದ್ದ ಎನ್ನುವುದನ್ನೆಲ್ಲ ನನ್ನೊಬ್ಬಳಿಗೇ ಹೇಳಿದರು. ನಾನು ನಡುನಡುವೆ ಏನಾದರೂ ಕೇಳಿದರೆ ಮಾತ್ರ, ಬೇರೆ ಯಾವುದಕ್ಕೋ ಉತ್ತರ ಕೊಡುತ್ತಿದ್ದರು. ಕೇಳುವುದು ಬಿಟ್ಟೆ.

ಈಗ ನಾನು ಮುಂದೆ, ಅವರು ಕೊನೆಗೆ. ಮೊದಲ ದಿನ ಅವರು ಎರಡು ಬಡಿದದ್ದು ಎಷ್ಟು ಜೋರಾಗಿತ್ತೆಂದರೆ ಮೇಲಿದ್ದ ಹಕ್ಕಿಗಳೆಲ್ಲ ಎದ್ದು ಹೋದವು, ಬಂದವರು ನಕ್ಕರು. ಅವರಿಗೆ ತಮ್ಮ ಬಡಿತವೂ ಕೇಳಿಸುವುದಿಲ್ಲವಲ್ಲ. ನಾನು ನಿಂತೆ. ಹಿಂದೆ ತಿರುಗಲಿಲ್ಲ.

ಆ ಸಂಜೆ ಎಂದಿನ ಹಾಗೆ ಅಂಗಳದಲ್ಲಿ ಎದುರುಬದುರು ಕೂತು ಒಬ್ಬರ ಕಾಲಿನಿಂದ ಒಬ್ಬರು ಉಣ್ಣೆಹುಳ ಹೆಕ್ಕುತ್ತಿದ್ದೆವು. ಕಾಡು ತಿರುಗಿ ಬಂದವರು ಇಲ್ಲಿ ಈ ಕೆಲಸ ಮಾಡದೆ ಒಳಗೆ ಹೋಗುವುದಿಲ್ಲ. ಅವರು ನನ್ನ ಹಿಮ್ಮಡಿಯನ್ನು ಮಡಿಲಲ್ಲಿಟ್ಟುಕೊಂಡು, ತಲೆ ತಗ್ಗಿಸಿ ಹುಡುಕುತ್ತಿದ್ದವರು, ಹಾಗೆಯೇ ಕೇಳಿದರು. "ಅಲ್ಲ, ಅಲ್ಲಿ ಹಿಂದ ಮಾತಿಲ್ಲ ಕತಿಯಿಲ್ಲ, ಮಂದಿ ಬೆನ್ನು ಬಿಟ್ರ ಏನೂ ಕಾಣಂಗಿಲ್ಲ. ಇಷ್ಟ ವರ್ಷ ನೀ ಹ್ಯಾಂಗ ಇದ್ದಿ?"

ಹನ್ನೊಂದು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ನಾನು ಹೇಳಿದೆ. ನಾಲ್ಕೇ ಮಾತಿನಲ್ಲಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರ ಕಣ್ಣು ನನ್ನ ಕಾಲಿನ ಮೇಲಿತ್ತು, ತುಟಿಯ ಮೇಲೆ ಇರಲಿಲ್ಲ. ಹುಳ ಕಿತ್ತು ಸೀಮೆಎಣ್ಣೆಯ ಬಟ್ಟಲಿಗೆ ಹಾಕಿದ ಮೇಲೆ ತಲೆ ಎತ್ತಿ, "ಹಾಂ? ಏನರ ಅಂದಿ?" ಎಂದರು.

ಅದು ಕೂಗಿ ಹೇಳುವಂಥ ಮಾತಲ್ಲ. ನಾನು ಇನ್ನೊಂದು ಕಾಲು ಚಾಚಿದೆ.