ಒಪ್ಪತ್ತಿನ ದಿನದ ಇನ್ಸುಲಿನ್

ಆಸ್ಪತ್ರೆಯಿಂದ ಮನೆಗೆ ಕಳಿಸಿದ ರೋಗಿಗಳನ್ನು ಮನೆಗೇ ಹೋಗಿ ನೋಡಿಕೊಳ್ಳುವ ನರ್ಸ್ ನಾನು. ಯಾರ ಗಾಯ ಯಾವಾಗ ಕಟ್ಟಬೇಕು, ಯಾರ ಮಾತ್ರೆ ಮುಗಿಯುತ್ತ ಬಂದಿದೆ ಎಂದು ಲೆಕ್ಕವಿಟ್ಟು, ಡಾಕ್ಟರಿಗೆ ತಿಳಿಸಿ, ಮನೆಯವರಿಗೆ ಕಲಿಸುವುದು ನನ್ನ ಹೊಣೆ. ವಿಜಯಪುರದಲ್ಲಿ ಸೊಲ್ಲಾಪುರ ರಸ್ತೆಯ ಹತ್ತಿರ ನನ್ನ ಮನೆ. ಸೋಮವಾರ ಸ್ಕೂಟರ್ ಮೇಲೆ ಬಬಲೇಶ್ವರ ಕಡೆ, ಬುಧವಾರ ತಿಕೋಟಾ ಕಡೆ, ಉಳಿದ ದಿನ ಊರೊಳಗೆ ಹೋಗುತ್ತೇನೆ.

ಮೊದಲು ನನ್ನ ನೋಟ್‌ಬುಕ್ಕು ರಸ್ತೆಯ ಪ್ರಕಾರ ಇರುತ್ತಿತ್ತು. ಒಂದು ರಸ್ತೆಗೆ ಒಂದು ಪುಟ. ಮನೆಗಳು ದಾರಿಯಲ್ಲಿ ಬರುವ ಕ್ರಮದಲ್ಲೇ ಹೆಸರುಗಳು. ರವಿವಾರ ಸಂಜೆ ಕೂತು ವಾರವನ್ನೆಲ್ಲ ಬರೆದಿಡುತ್ತಿದ್ದೆ. ಚೀಲದಲ್ಲಿ ಎಡಕ್ಕೆ ಗಾಯ ಕಟ್ಟುವ ಸಾಮಾನು, ಬಲಕ್ಕೆ ಬಿಪಿ ಮತ್ತು ಸಕ್ಕರೆ ನೋಡುವ ಯಂತ್ರಗಳು, ಮುಂದಿನ ಜೇಬಿನಲ್ಲಿ ಗ್ಲೂಕೋಸ್ ಪುಡಿ. ನೋಡದೆ ಕೈ ಹಾಕಿದರೂ ಕತ್ತರಿ ಸಿಗಬೇಕು. ತಿಕೋಟಾದಲ್ಲಿ ಒಬ್ಬ ರೋಗಿ ಒಮ್ಮೆ ಚೀಲದೊಳಗೆ ಇಣುಕಿ, "ಸಿಸ್ಟರ, ಇದನ್ನ ನಮ್ಮಾಕಿಗೆ ತೋರಸಬ್ಯಾಡ್ರಿ. ಅಡಗಿಮನಿನೂ ಹಿಂಗ ಇಡು ಅಂತ ನಾ ಅಂದಗಿಂದರ ಇಲ್ಲೇ ಜಗಳ ಹತ್ತತೈತಿ" ಎಂದಿದ್ದರು. ಆ ಮಾತನ್ನು ನಾನು ಬಹಳ ದಿನ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೇನೆ.

ನಿಡೋಣಿಯ ಮನೆ ಬಬಲೇಶ್ವರದ ಪುಟದಲ್ಲಿ ಕೊನೆಯದು. ಅಲ್ಲಿಯ ಹಿರಿಯಾಕೆಗೆ ಸಕ್ಕರೆ ಕಾಯಿಲೆಯಿಂದ ಬಲಗಾಲಿನ ಒಂದು ಬೆರಳು ಹೋಗಿತ್ತು. ಅಂಗಾಲಿನಲ್ಲಿ ಗಾಯ ಇನ್ನೂ ಮಾಯುತ್ತಿತ್ತು. ದಿನಕ್ಕೆ ಎರಡು ಸಲ ಇನ್ಸುಲಿನ್. ಮಗ ಬೆಳಗಾದರೆ ಹೊಲಕ್ಕೆ ಹೋಗುವವನು, ಅಲ್ಲದೆ ಸೂಜಿ ಕಂಡರೆ ಕಣ್ಣು ಮುಚ್ಚುವವನು. ಹಾಗಾಗಿ ಸೊಸೆಗೆ ಕಲಿಸಿದೆ. ಒಂದು ವಾರದಲ್ಲಿ ಆಕೆಯ ಕೈ ಪಳಗಿತು. ಒಮ್ಮೆ ಮದುವೆಯೊಂದರ ಗಡಿಬಿಡಿಯಲ್ಲಿ ಎರಡು ಹೊತ್ತು ಸೂಜಿ ತಪ್ಪಿ ಸಕ್ಕರೆ ಏರಿದಾಗ ನಾನು ಗದರಿದ್ದೆ. ದಪ್ಪ ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ, "ಬೆಳಿಗ್ಗೆ ಏಳೂವರೆಗೆ ಇನ್ಸುಲಿನ್, ಎಂಟಕ್ಕೆ ಊಟ" ಎಂದು ಬರೆದು, ಕೆಳಗೆ ಕೆಂಪು ಶಾಯಿಯಲ್ಲಿ "ಏನೇ ಆದರೂ ಸೂಜಿ ತಪ್ಪಬಾರದು" ಎಂದು ಸೇರಿಸಿ, ಗೋಡೆಗೆ ತೂಗುಹಾಕಿ ಬಂದಿದ್ದೆ.

ಆಮೇಲೊಂದು ಸೋಮವಾರ ಬಬಲೇಶ್ವರದ ಮೊದಲ ಮನೆಗೆ ಹೋದಾಗ ಬಾಗಿಲಿಗೆ ಕೀಲಿ. ಪಕ್ಕದ ಮನೆಯಾಕೆ ಹೊರಗೆ ಬಂದು, "ಶ್ರಾವಣ ಸೋಮಾರ ಅಲ್ಲೇನ್ರಿ ಇವತ್ತ? ಗುಡಿಗೆ ಹೋಗ್ಯಾರ. ಎಲ್ಲಾರದೂ ಒಪ್ಪತ್ತ. ಸಂಜಿಮುಂದ ಬರ್ರಿ, ಹೋಳಿಗಿನೂ ಸಿಗತಾವ" ಎಂದಳು. ನಾನು ನಕ್ಕೆ. ನೋಟ್‌ಬುಕ್ ತೆಗೆದು "ಬಾಗಿಲು ಹಾಕಿದೆ, ಒಂಬತ್ತು ಹತ್ತು" ಎಂದು ಬರೆದೆ. ನಾನು ಈ ಭಾಗದವಳೇ. ಒಪ್ಪತ್ತೆಂದರೆ ಹಗಲೆಲ್ಲ ಉಪವಾಸ, ಸಂಜೆ ಒಂದೇ ಊಟ ಎಂದು ಗೊತ್ತಿಲ್ಲದವಳಲ್ಲ. ನನ್ನ ಅವ್ವನೂ ಹಿಡಿಯುತ್ತಿದ್ದಳು. ಆದರೂ ಆ ಮಾತು ನನ್ನೊಳಗೆ ಇಳಿಯಲಿಲ್ಲ. ಕ್ರಮ ಕೆಟ್ಟಿತಲ್ಲ ಎಂಬ ಸಿಟ್ಟಿನಲ್ಲಿ, ಈ ಮನೆಯನ್ನು ಮಂಗಳವಾರ ಎಲ್ಲಿ ಸೇರಿಸಲಿ ಎಂದು ಯೋಚಿಸುತ್ತ, ನಡುವಿನ ಮನೆಗಳವರೂ ಗುಡಿಯಲ್ಲೇ ಇರುತ್ತಾರೆಂದು ಅವನ್ನು ಬಿಟ್ಟು ನೇರವಾಗಿ ನಿಡೋಣಿಗೆ ಹೊರಟೆ. ಕ್ರಮದಂತೆ ನಡೆದಿದ್ದರೆ ಅಲ್ಲಿಗೆ ತಲುಪುವುದು ಮಧ್ಯಾಹ್ನವಾಗುತ್ತಿತ್ತು.

ಹಿರಿಯಾಕೆ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನವರೆಗೆ ಇಳಿದಿತ್ತು. ಯಾವಾಗಲೂ ನನ್ನನ್ನು ಕಂಡ ಕೂಡಲೇ ಚಹಾ ಮಾಡಲು ಹೇಳುವವರು ಅಂದು ನನ್ನ ಮುಖ ನೋಡಿ, "ಯಾರ ಬೇ ನೀ?" ಎಂದರು.

ಸೊಸೆ ಒಳಗಿನಿಂದ ಬಂದಳು. "ಪೂಜಾ ಮಾಡಿ ದಣದಾರ್ರಿ, ಅದಕ್ಕ ಹಂಗ ಕುಂತಾರ."

"ಏನ ತಿಂದಾರ?"

"ಏನೂ ಇಲ್ರಿ. ಇವತ್ತ ಒಪ್ಪತ್ತ."

"ಸೂಜಿ?"

"ಏಳೂವರಿಗೇ ಮಾಡೇನ್ರಿ. ನೀವ ಹೇಳೀರಲ್ಲ, ಏನರ ಆದ್ರೂ ತಪ್ಪಬಾರದು ಅಂತ."

ಆಕೆ ಗೋಡೆಯ ರಟ್ಟಿನ ಕಡೆ ನೋಡಿದಳು. ನಾನೂ ನೋಡಿದೆ.

ಬೆರಳು ಚುಚ್ಚಿ ನೋಡಿದಾಗ, ಎಪ್ಪತ್ತರ ಮೇಲಿರಬೇಕಾದ ಸಕ್ಕರೆ ಉಣ್ಣದೆ ಸೂಜಿ ಬಿದ್ದು ನಲವತ್ತೆರಡಕ್ಕೆ ಇಳಿದಿತ್ತು. ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಲೋಟವನ್ನು ತುಟಿಗೆ ಹಿಡಿದೆ. ಅವರು ಬಾಯಿ ಬಿಗಿದರು. "ಬ್ಯಾಡ. ವಾರ ಕೆಡತೈತಿ." ಮತ್ತೆ ಹಿಡಿದಾಗ ಕೈಯಿಂದ ತಳ್ಳಿದರು, ಸ್ವಲ್ಪ ಸೀರೆಯ ಮೇಲೆ ಚೆಲ್ಲಿತು. ಒತ್ತಾಯದಿಂದ ಸುರಿದರೆ ಉಸಿರಿನ ದಾರಿಗೆ ಹೋದೀತು. ಇನ್ನು ಸ್ವಲ್ಪ ಹೊತ್ತಿಗೆ ಎಚ್ಚರ ತಪ್ಪಿದರೆ ಬಾಯಿಗೆ ಏನನ್ನೂ ಹಾಕುವಂತಿಲ್ಲ, ವಿಜಯಪುರದ ಆಸ್ಪತ್ರೆ ದೂರ. ನಾನು ಅವರ ಗಲ್ಲ ಹಿಡಿದು, "ಯಮ್ಮಾ, ಬಾಯಿ ತೆಗೀರಿ" ಎಂದು ಅಂಗಲಾಚಿದೆ. ಅವರು ನನ್ನನ್ನು ನೋಡುತ್ತಲೂ ಇರಲಿಲ್ಲ.

ಸೊಸೆ ನನ್ನ ಕೈಯಿಂದ ಲೋಟ ಕಸಿದುಕೊಂಡು ದೇವರ ಮನೆಗೆ ಹೋದಳು. ಸಣ್ಣದೊಂದು ತಾಮ್ರದ ಬಟ್ಟಲಿಗೆ ಸುರಿದುಕೊಂಡು ಬಂದು ಅತ್ತೆಯ ಮುಂದೆ ಮೊಣಕಾಲೂರಿದಳು. "ಅತ್ತೀ, ತೀರ್ಥ ತಗೋರಿ."

ಹಿರಿಯಾಕೆಯ ಬಲಗೈ ಮೆಲ್ಲಗೆ ಮುಂದೆ ಬಂತು, ಅಂಗೈ ಬಟ್ಟಲಾಯಿತು. ಆ ಕೈಯ ಕೆಳಗೆ ಸೊಸೆ ತನ್ನ ಕೈಯಿಟ್ಟು ಸ್ವಲ್ಪ ಸುರಿದಳು. ಕುಡಿದರು. ಮತ್ತೆ ಸುರಿದಳು. ಎಷ್ಟು ಸಲವೋ ನಾನು ಎಣಿಸಲಿಲ್ಲ. ಬಟ್ಟಲನ್ನು ಎರಡು ಸಲ ತುಂಬಿಕೊಂಡು ಬಂದದ್ದು ನೆನಪಿದೆ. ಬೆವರು ನಿಂತ ಮೇಲೆ ಹಿರಿಯಾಕೆ ತುಟಿ ನೆಕ್ಕಿ, "ಇವತ್ತಿನ ತೀರ್ಥ ಭಾಳ ಸಿಹಿ ಐತಲ್ಲ" ಎಂದರು.

"ಶ್ರಾವಣ ಅಂತ ಸಕ್ಕರಿ ಜಾಸ್ತಿ ಹಾಕ್ಯಾರ್ರಿ" ಎಂದಳು ಸೊಸೆ.

ಕಾಲು ಗಂಟೆ ಬಿಟ್ಟು ನೋಡಿದಾಗ ಅರವತ್ತೆಂಟು, ಇನ್ನೊಮ್ಮೆ ಕೊಟ್ಟು ನೋಡಿದಾಗ ತೊಂಬತ್ತು ದಾಟಿತ್ತು. ಡಾಕ್ಟರಿಗೆ ಫೋನ್ ಮಾಡಿದೆ. ಈಗಲೇ ಊಟ ಮಾಡಿಸಿ, ಸಂಜೆಯ ಇನ್ಸುಲಿನ್ ಪ್ರಮಾಣ ಕಡಿಮೆ ಮಾಡಿ ಎಂದರು. ಉಪವಾಸಕ್ಕೆ ನಡೆಯುವ ಸಾಬುದಾಣಿಗೆ, ಅಂದರೆ ಸಾಬಕ್ಕಿಗೆ, ಹಿರಿಯಾಕೆ ಒಪ್ಪಿದರು; ಸೊಸೆ ಮಾಡಿ ತಿನ್ನಿಸಿದಳು.

ಅಷ್ಟರಲ್ಲಿ ನಾಗರ ಪಂಚಮಿಗೆಂದು ತವರಿಗೆ ಬಂದಿದ್ದ ಹಿರಿಯಾಕೆಯ ಮಗಳು ಗುಡಿಯಿಂದ ಬಂದಳು. ನಡೆದದ್ದು ಕೇಳಿ ಸೊಸೆಯ ಮೇಲೆ ಹರಿಹಾಯ್ದಳು. "ಉಪಾಸ ಇದ್ದಾಕಿಗೆ ಸೂಜಿ ಚುಚ್ಚೀಯಲ್ಲ, ಬುದ್ಧಿ ಎಲ್ಲಿಟ್ಟಿದ್ದಿ? ನಮ್ಮವ್ವನ್ನ ಕಳಿಸೇ ಬಿಡ್ತಿದ್ದಿ!"

ಸೊಸೆ ತಲೆ ತಗ್ಗಿಸಿ ನಿಂತಳು. ಆಗ ನಾನೂ ಸುಮ್ಮನಿದ್ದೆ. ಒಂದು ನಿಮಿಷಕ್ಕಿಂತ ಕಡಿಮೆಯೇ ಇರಬಹುದು. ಆದರೂ ಸುಮ್ಮನಿದ್ದೆ ಎಂಬುದು ನಿಜ. ಆಮೇಲೆ ಹೇಳಿದೆ: "ಆಕಿದು ತಪ್ಪಿಲ್ಲ. ನಾ ಬರದದ್ದನ್ನ ಆಕಿ ಮಾಡ್ಯಾಳ. ಉಣದಿದ್ರ ಏನ ಮಾಡಬೇಕು ಅಂತ ನಾನೇ ಬರದಿಲ್ಲ."

"ಬಾಯಿ ಮುಚ್ಚ ಲೇ," ಎಂದು ಹಿರಿಯಾಕೆ ಗೋಡೆಗೆ ಒರಗಿದಲ್ಲಿಂದಲೇ ಮಗಳಿಗೆ ಹೇಳಿದರು. "ಒಪ್ಪತ್ತ ಹಿಡದಾಕಿ ನಾನು. ಆಕೀಗ್ಯಾಕ ಬೈತಿ?"

ಮಗಳು ಅವ್ವನ ಪಕ್ಕ ಹೋಗಿ ಕೂತಳು. ಆದರೆ ಸೊಸೆ ಒಳಗೆ ಹೋಗಿ ಸೂಜಿಯ ಡಬ್ಬಿ ತಂದು ನನ್ನ ಮುಂದಿಟ್ಟಳು. "ಇನ್ನ ನನ್ನ ಕೈಲೆ ಆಗಂಗಿಲ್ರಿ ಸಿಸ್ಟರ. ಏನರ ಆದ್ರ ಸೊಸಿ ಕೊಂದಳು ಅಂತಾರ."

ನಾನು ದಿನಾ ನಿಡೋಣಿಗೆ ಬರಲಾಗದು. ಆಕೆ ಕೈ ಬಿಟ್ಟರೆ ಆ ಮನೆಯಲ್ಲಿ ಬೇರೆ ಯಾರೂ ಇಲ್ಲ; ಸೂಜಿ ನಿಂತರೆ ಗಾಯ ಮತ್ತೆ ಬಾಯಿ ಬಿಡುತ್ತದೆ, ಮುಂದೆ ಪಾದವೇ ಹೋದೀತು. ಇದನ್ನೆಲ್ಲ ಆಕೆಗೆ ಹೇಳಿ ಹೆದರಿಸಲು ಮನಸ್ಸಾಗಲಿಲ್ಲ. ರಟ್ಟನ್ನು ಗೋಡೆಯಿಂದ ಇಳಿಸಿ, ತಿರುಗಿಸಿ, "ನೀನ ಹೇಳವ್ವಾ, ಹೆಂಗ ಬರದ್ರ ನಿನಗ ಧೈರ್ಯ ಬರತೈತಿ?" ಎಂದೆ. ಆಕೆ ಹೇಳಿದಳು: "ಊಟದ ತಾಟ ಮುಂದ ಬಂದ ಮ್ಯಾಲೆ ಸೂಜಿ ಅಂತ ಬರೀರಿ. ಉಣ್ಣಂಗಿಲ್ಲ ಅಂದ್ರ ಸೂಜಿ ಇಲ್ಲ, ಮೊದಲ ನಿಮಗ ಫೋನ್ ಅಂತ ಬರೀರಿ." ಹಾಗೆಯೇ ಬರೆದೆ. ಡಬ್ಬಿಯನ್ನು ಅಲ್ಲೇ ಬಿಟ್ಟೆ. ತೆಗೆದುಕೊಳ್ಳುತ್ತೇನೆಂದು ಆಕೆ ಹೇಳಲಿಲ್ಲ.

ಮಧ್ಯಾಹ್ನ ಮನೆಗೆ ಬಂದು ಇನ್ಸುಲಿನ್ ತೆಗೆದುಕೊಳ್ಳುವ ಎಲ್ಲ ಮನೆಗಳಿಗೂ ಫೋನ್ ಮಾಡಿ, ಯಾರು ಯಾವ ವಾರ, ಯಾವ ತಿಥಿ ಉಪವಾಸ ಹಿಡಿಯುತ್ತಾರೆಂದು ಕೇಳಿ ಹೆಸರಿನ ಪಕ್ಕ ಬರೆದೆ. ಒಬ್ಬರದು ಗುರುವಾರ, ಒಬ್ಬರದು ಶನಿವಾರ, ಇನ್ನೊಬ್ಬರದು ಏಕಾದಶಿ. ವರ್ಷಗಳಿಂದ ನೋಡುತ್ತಿದ್ದವರನ್ನು ಅಂದೇ ಮೊದಲ ಸಲ ಕೇಳಿದ್ದು.

ಸಂಜೆ ಏಳಕ್ಕೆ ನಿಡೋಣಿಗೆ ಫೋನ್ ಮಾಡಿದೆ.

"ತಾಟ ಮುಂದ ಐತ್ರಿ," ಎಂದಳು ಸೊಸೆ. "ಡಾಕ್ಟರ ಹೇಳಿದಷ್ಟ ಸೂಜಿ ತುಂಬೇನಿ. ಕೈ ಏಳವಲ್ದು."

"ಎಷ್ಟ ತುಂಬೀ?"

ಹೇಳಿದಳು. ಸರಿಯಾಗಿತ್ತು. "ಫೋನ್ ಇಡಬ್ಯಾಡ, ನಾ ಇಲ್ಲೇ ಇರ್ತೇನಿ" ಎಂದೆ. ಆಕೆ ಫೋನನ್ನು ನೆಲದ ಮೇಲೆ ಇಟ್ಟ ಸದ್ದು.

"ಚುಚ್ಚ ಬೇ," ಎಂದಿತು ದೂರದಿಂದ ಹಿರಿಯಾಕೆಯ ದನಿ. "ಸಾಬುದಾಣಿ ಆರಾಕತ್ತೈತಿ."

ತಾಟು ಸರಿದ ಸದ್ದು ಕೇಳಿತು.

"ಆತ್ರಿ ಸಿಸ್ಟರ," ಎಂದಳು ಸೊಸೆ. "ಉಣ್ಣಾಕತ್ತಾರ."